ಇದ್ದ ಕಾರ್ಡು ಬಿಡುವ ಮುನ್ನ

ನಿನ್ನ ಪಟ್ಟಿ ನೋಡಿದೆ, ಮಗಳೇ. ಸೋಮವಾರ ಅತ್ತೆಯ ರೇಷನ್ ಕಾರ್ಡಿನಿಂದ ಹೆಸರು ತೆಗೆಸುವುದು. ಮಂಗಳವಾರ ಗಂಡನ ಬ್ಯಾಂಕ್ ಖಾತೆ ಮುಚ್ಚಿಸುವುದು. ಬುಧವಾರ ಪಿಂಚಣಿಗೆ ಅರ್ಜಿ. ಗುರುವಾರ ಮಕ್ಕಳಿಬ್ಬರನ್ನು ಕಟ್ಟಿಕೊಂಡು ತವರಿನ ಬಸ್ಸು ಹತ್ತುವುದು. ಶುಕ್ರವಾರಕ್ಕೆ ಏನೂ ಬರೆದಿಲ್ಲ. ಅಷ್ಟರಲ್ಲಿ ಎಲ್ಲ ಮುಗಿದುಹೋಗಿರುತ್ತದೆ ಅಂತಲೋ?

ನಿನ್ನ ಧೈರ್ಯವನ್ನು ಮೆಚ್ಚಿದೆ. ಗಂಡ ಹೋಗಿ ತಿಂಗಳು ತುಂಬುವುದರೊಳಗೆ ಕಣ್ಣೊರೆಸಿಕೊಂಡು ಪಟ್ಟಿ ಬರೆಯಲು ಕೂತವಳು ನಾಳೆ ಸಂಸಾರವನ್ನೂ ನಡೆಸುತ್ತಾಳೆ, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಪಟ್ಟಿ ಪೂರಾ ತಲೆಕೆಳಗಾಗಿದೆ ಮಾರಾಯ್ತಿ. ಸೋಮವಾರದ ಕೆಲಸವನ್ನು ಕೊನೆಗೆ ತಳ್ಳು. ಮಂಗಳವಾರದ್ದನ್ನು ಸದ್ಯಕ್ಕೆ ಹೊಡೆದುಹಾಕು. ಅಂಗನವಾಡಿಯಲ್ಲಿ ಕೆಲಸ ಮಾಡಿದಷ್ಟು ಕಾಲ ನಿನ್ನಂಥ ಎಷ್ಟೋ ಹುಡುಗಿಯರ ಅರ್ಜಿ ತುಂಬಿಕೊಟ್ಟವಳು ನಾನು. ಕಚೇರಿಯಲ್ಲಿ ಸೋತು ಬಂದವರಲ್ಲಿ ಹೆಚ್ಚಿನವರು ಅರ್ಹತೆ ಇಲ್ಲದೆ ಸೋತವರಲ್ಲ. ಯಾವುದನ್ನು ಮೊದಲು ಮಾಡಬೇಕು, ಯಾವುದನ್ನು ಆಮೇಲೆ ಎಂದು ಗೊತ್ತಿಲ್ಲದೆ ಸೋತವರು.

ಮೊದಲು ಮರಣ ಪ್ರಮಾಣಪತ್ರ. ಸಾವಾದ 21 ದಿನದೊಳಗೆ ತಿಳಿಸಿದ್ದರೆ ತೊಂದರೆಯಿಲ್ಲ. ತಡವಾದಷ್ಟೂ ದಂಡ, ಅನುಮತಿ, ಅಲೆದಾಟ ಹೆಚ್ಚುತ್ತದೆ. ಆಸ್ಪತ್ರೆಯಲ್ಲಿ ತೀರಿಕೊಂಡಿದ್ದರೆ ಅವರೇ ತಿಳಿಸಿರುತ್ತಾರೆ, ಆದರೂ ಕೇಳಿ ಖಾತ್ರಿ ಮಾಡಿಕೋ. ಒಂದೇ ಪ್ರತಿ ತಂದುಕೊಂಡು ಅದನ್ನೇ ಎಲ್ಲ ಕಡೆ ಹೊತ್ತು ತಿರುಗಬೇಡ, ನಾಲ್ಕಾರು ಪ್ರತಿ ತೆಗೆಸು. ಅದರಲ್ಲಿ ಅವನ ಹೆಸರು ಆಧಾರ್ ಕಾರ್ಡಿನಲ್ಲಿ ಇದ್ದಂತೆಯೇ ಇದೆಯೇ ಎಂದು ಅಲ್ಲೇ ಕೌಂಟರಿನ ಮುಂದೆ ನಿಂತು ಅಕ್ಷರ ಅಕ್ಷರ ಓದು. ಒಂದು ಕಡೆ ‘ಮಂಜಪ್ಪ’, ಇನ್ನೊಂದು ಕಡೆ ‘ಮಂಜುನಾಥ’ ಎಂದಿದ್ದರೆ ಮುಂದಿನ ಪ್ರತಿಯೊಂದು ಅರ್ಜಿಯೂ ಆ ಹೆಸರಿನಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ನೀನು ಓದಿದವಳು, ಓದದೇ ಸಹಿ ಹಾಕುವ ಚಟವೂ ನಿನಗೇ ಇದೆ. ಅದನ್ನು ಇವತ್ತಿಗೆ ಬಿಡು.

ಇನ್ನು ಬ್ಯಾಂಕು. ಪಿನ್ ಗೊತ್ತಿದೆ ಅಂತ ಅವನ ಎಟಿಎಂ ಕಾರ್ಡಿನಿಂದ ದುಡ್ಡು ತೆಗೆಯಬೇಡ. ಹಾಗೆಯೇ ಖಾತೆಯಲ್ಲಿ ಉಳಿದಿರುವುದು ಸಾವಿರವೋ ಐನೂರೋ, ಮುಚ್ಚಿಸಿ ಕೈತೊಳೆದುಕೊಳ್ಳೋಣ ಎಂದೂ ಹೊರಡಬೇಡ. ಪಾಸ್‌ಬುಕ್ಕು ಪ್ರಿಂಟ್ ಹಾಕಿಸಿಕೊಂಡು ಬಾ. ಮಕ್ಕಳು ಮಲಗಿದ ಮೇಲೆ ಕೂತು ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಓದು. ಮುಖ್ಯವಾಗಿ ಮೇ ಕೊನೆ, ಜೂನ್ ಶುರುವಿನ ಸಾಲುಗಳು. ಅಲ್ಲಿ 436 ರೂಪಾಯಿ ಕಡಿತವಾಗಿದ್ದರೆ ಅದು ಪ್ರಧಾನಮಂತ್ರಿ ಜೀವನ ಜ್ಯೋತಿ ವಿಮೆಯ ಕಂತು. 20 ರೂಪಾಯಿ ಹೋಗಿದ್ದರೆ ಸುರಕ್ಷಾ ವಿಮೆಯದು. 2022ಕ್ಕಿಂತ ಹಿಂದಿನ ಪುಟಗಳಲ್ಲಿ ಇವೇ 330 ಮತ್ತು 12 ಎಂದು ಕಾಣುತ್ತವೆ. ಮೊದಲನೆಯದು ಚಾಲ್ತಿಯಲ್ಲಿದ್ದರೆ ಕಾಯಿಲೆಯಿಂದ ಹೋಗಿದ್ದರೂ 2 ಲಕ್ಷ ಬರುತ್ತದೆ. ಎರಡನೆಯದು ಅಪಘಾತಕ್ಕೆ ಮಾತ್ರ. ಬ್ಯಾಂಕಿನವರು ಮನೆ ಬಾಗಿಲಿಗೆ ಬಂದು ಹೇಳುವುದಿಲ್ಲ, ನೀನೇ ಹೋಗಿ ಕ್ಲೈಮ್ ಅರ್ಜಿ ಕೇಳಬೇಕು.

ನಮ್ಮ ಕೆಳಕೇರಿಯಲ್ಲಿ ಪೇಂಟಿಂಗ್ ಕೆಲಸದ ಹುಡುಗನೊಬ್ಬ ಎದೆನೋವಿನಿಂದ ಹೋದ. ಹೆಂಡತಿ ಖಾತೆ ಮುಚ್ಚುವ ಅರ್ಜಿಯನ್ನು ತುಂಬಿಯೇ ಬಿಟ್ಟಿದ್ದಳು. ಪಾಸ್‌ಬುಕ್ಕಿನ ಕೊನೆಯ ಪುಟದಲ್ಲಿ ಆ 436 ಕಂಡಿತು. ಅವನು ಯಾವತ್ತೋ ಬ್ಯಾಂಕಿಗೆ ಹೋದಾಗ ಯಾರೋ ಕೊಟ್ಟ ಫಾರಂಗೆ ಸಹಿ ಹಾಕಿದ್ದನಂತೆ, ಮನೆಯಲ್ಲಿ ಹೇಳಿರಲೇ ಇಲ್ಲ. ಗಂಡಸರು ಹಾಗೆಯೇ. ಸಾಲ ಮಾಡಿದ್ದನ್ನೂ ಹೇಳುವುದಿಲ್ಲ, ಒಳ್ಳೆಯದು ಮಾಡಿದ್ದನ್ನೂ ಹೇಳುವುದಿಲ್ಲ. ನಿನ್ನವನ ಪೆಟ್ಟಿಗೆ, ಪರ್ಸು, ಗೋಡೆಗೆ ನೇತುಹಾಕಿದ ಅಂಗಿಯ ಜೇಬು ಎಲ್ಲ ನೋಡು. ಕಟ್ಟಡ ಕಾರ್ಮಿಕರ ಕಾರ್ಡು ಮಾಡಿಸಿದ್ದನೋ? ಎಲ್ಲಾದರೂ ಪಿಎಫ್ ಹಿಡಿಯುವ ಕೆಲಸದಲ್ಲಿದ್ದನೋ? ಪಿಎಫ್ ಇದ್ದರೆ ಹೆಂಡತಿಗೂ ಮಕ್ಕಳಿಗೂ ಪ್ರತ್ಯೇಕ ಪಿಂಚಣಿಯ ಹಕ್ಕು ಇರಬಹುದು. ಆ ಅಂಗಿ ಒಗೆಯಲು ನಿನಗಿನ್ನೂ ಮನಸ್ಸಾಗಿಲ್ಲ, ಗೊತ್ತು. ಒಗೆಯಬೇಡ, ಜೇಬು ಮಾತ್ರ ನೋಡು.

ಈಗ ಕಾರ್ಡಿನ ವಿಷಯಕ್ಕೆ ಬರುತ್ತೇನೆ. ನಿನ್ನ ಅವಸರ ಎಲ್ಲಕ್ಕಿಂತ ಹೆಚ್ಚು ಕೆಡಿಸುವುದು ಇಲ್ಲೇ.

ಅತ್ತೆಯ ಕಾರ್ಡಿನಲ್ಲಿ ಇರುವಷ್ಟು ದಿನ ಗೃಹಲಕ್ಷ್ಮಿಯ 2,000 ರೂಪಾಯಿ ಅವರಿಗೆ ಬರುತ್ತದೆ, ನಿನಗಲ್ಲ. ಇದು ನಿನ್ನ ಹೊಟ್ಟೆಯೊಳಗಿನ ಸಂಕಟ, ಬಾಯಿಬಿಟ್ಟು ಹೇಳದಿದ್ದರೂ ನನಗೆ ತಿಳಿಯುತ್ತದೆ. ಅದು ಅವರು ಮಾಡಿದ ಮೋಸವೇನಲ್ಲ. 2013ರ ಆಹಾರ ಭದ್ರತಾ ಕಾಯ್ದೆಯೇ ಮನೆಯ ಹಿರಿಯ ಹೆಂಗಸನ್ನು ಕಾರ್ಡಿನ ಯಜಮಾನಿ ಮಾಡಿತು. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಗೃಹಲಕ್ಷ್ಮಿ ಶುರುವಾದಾಗ ಹಣವೂ ಆ ಯಜಮಾನಿಯ ಹೆಸರಿಗೇ ಹೋಯಿತು. ಒಂದು ಕಾರ್ಡಿಗೆ ಒಬ್ಬಳೇ. ನಿನ್ನ ಹೆಸರಿನಲ್ಲಿ ಬೇರೆ ಕಾರ್ಡು ಆದರೆ ನಿನಗೂ ಬರುತ್ತದೆ, ಅತ್ತೆಗೂ ನಿಲ್ಲುವುದಿಲ್ಲ. ಹಾಗಾಗಿ ಬೇರೆ ಕಾರ್ಡಿನ ಆಸೆ ತಪ್ಪಲ್ಲ. ಅದಕ್ಕೆ ನೀನು ಹಿಡಿದ ದಾರಿ ತಪ್ಪು.

ಹೊಸ ಬಿಪಿಎಲ್ ಕಾರ್ಡಿನ ಅರ್ಜಿ ವರ್ಷವಿಡೀ ತೆರೆದಿರುವುದಿಲ್ಲ. ಯಾವಾಗಲೋ ತೆರೆಯುತ್ತದೆ, ಸರ್ವರ್ ಕೈಕೊಡುತ್ತದೆ, ಮತ್ತೆ ಮುಚ್ಚುತ್ತದೆ. ಒಂದು ಆಧಾರ್ ಒಂದೇ ಕಾರ್ಡಿನಲ್ಲಿ ಇರಬಹುದು. ಅಂದಮೇಲೆ ನೀನು ಸಿಟ್ಟಿನಲ್ಲಿ ಇಲ್ಲಿಂದ ಹೆಸರು ತೆಗೆಸಿ, ಅಲ್ಲಿ ಹೊಸದು ಆಗದೇ ಹೋದರೆ ನಡುವೆ ಎಷ್ಟು ತಿಂಗಳು ಕಳೆಯುತ್ತದೋ ದೇವರೇ ಬಲ್ಲ. ಅಷ್ಟು ತಿಂಗಳು ನಿನಗೂ ಮಕ್ಕಳಿಗೂ ಅಕ್ಕಿ ಇಲ್ಲ. ಗೃಹಲಕ್ಷ್ಮಿಯ ಮಾತೇ ಇಲ್ಲ. ಚಿಕ್ಕವನಿಗೆ ನ್ಯುಮೋನಿಯಾ ಆಗಿ ದೊಡ್ಡಾಸ್ಪತ್ರೆ ಸೇರಿಸಿದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಮನೆಗೆ ವರ್ಷಕ್ಕೆ 5 ಲಕ್ಷದವರೆಗೆ ಇರುವ ರಕ್ಷಣೆಗೂ ಅಡ್ಡಿ, ಏಕೆಂದರೆ ಅವರು ಮೊದಲು ಕೇಳುವುದೇ ರೇಷನ್ ಕಾರ್ಡು. ಮಳೆಗಾಲದಲ್ಲಿ ಸಂಕ ದಾಟಿ ಶಾಲೆಗೆ ಹೋದವಳು ನೀನು. ಮುಂದಿನ ಕಾಲು ಗಟ್ಟಿಯಾಗಿ ಊರುವ ತನಕ ಹಿಂದಿನ ಕಾಲು ಎತ್ತುತ್ತಿರಲಿಲ್ಲ ತಾನೇ? ಇಲ್ಲೂ ಅಷ್ಟೇ.

ಹೇಗೆ ಅಂತೀಯಾ? ಮೊದಲು ಆಹಾರ ಇಲಾಖೆಯ ಕಚೇರಿಗೆ ಬರಿಗೈಯಲ್ಲಿ ಹೋಗು. ಏನೂ ತೆಗೆಸಬೇಡ, ಸುಮ್ಮನೆ ಕೇಳಿಕೊಂಡು ಬಾ: ಹೊಸ ಕಾರ್ಡಿಗೆ ಈಗ ಅರ್ಜಿ ತೆಗೆದುಕೊಳ್ಳುತ್ತಿದ್ದೀರಾ, ಇಲ್ಲದಿದ್ದರೆ ಅಮ್ಮನ ಕಾರ್ಡಿಗೆ ಸೇರಿಸಲು ಆಗುತ್ತದಾ, ತೆಗೆಯುವುದು ಸೇರಿಸುವುದು ಎರಡೂ ಒಟ್ಟಿಗೇ ಆಗುತ್ತದಾ. ಉತ್ತರವನ್ನು ಬರೆದುಕೋ, ಹೇಳಿದವರ ಹುದ್ದೆಯನ್ನೂ ಬರೆದುಕೋ. ಅಮ್ಮನ ಕಾರ್ಡಿಗೆ ಸೇರಿದರೆ ಮೂವರಿಗೂ ಅಕ್ಕಿ ಸಿಗುತ್ತದೆ, ಆದರೆ ಅಲ್ಲಿ ಯಜಮಾನಿ ನಿನ್ನ ಅಮ್ಮ, ಗೃಹಲಕ್ಷ್ಮಿ ಅಲ್ಲೂ ನಿನಗಿಲ್ಲ. ಅತ್ತೆಯ ಕಾರ್ಡಿನಿಂದ ಅಮ್ಮನ ಕಾರ್ಡಿಗೆ ಜಿಗಿದರೆ ನಿನಗೆ ಸಿಗುವುದೇನು? ಹೆಚ್ಚೆಂದರೆ ಮನಸ್ಸಿನ ಸಮಾಧಾನ. ಅದು ಬೇಕೆನಿಸಿದರೆ ಅದಕ್ಕಾಗಿಯೇ ಹೋಗು, ದುಡ್ಡಿನ ಲೆಕ್ಕ ಹೇಳಿ ಹೋಗಬೇಡ. ಸತ್ತವನ ಹೆಸರನ್ನು ಮಾತ್ರ ಕಾರ್ಡಿನಿಂದ ತೆಗೆಸಲೇಬೇಕು. ಅವನ ಪಾಲಿನ ಅಕ್ಕಿ ತಂದರೆ ಇವತ್ತಲ್ಲ ನಾಳೆ ಇಡೀ ಕಾರ್ಡಿಗೇ ಕುತ್ತು ಬರುತ್ತದೆ.

ಅತ್ತೆಯ ಜೊತೆ ಕೂತು ಮಾತಾಡಿದ್ದೀಯಾ? ಇಲ್ಲ ಅಂತ ನಿನ್ನ ಮುಖವೇ ಹೇಳುತ್ತದೆ. ಅವರು ಮಗನನ್ನು ಕಳೆದುಕೊಂಡಿದ್ದಾರೆ. ನಿನ್ನನ್ನು ಕಂಡಾಗೆಲ್ಲ ಏನಾದರೂ ಕೊಂಕು ನುಡಿಯುತ್ತಾರೆ, ನೀನೂ ಸುಮ್ಮನಿರುವವಳಲ್ಲ. ಆದರೆ ಆ 2,000ದಲ್ಲಿ ಮಕ್ಕಳ ಹಾಲು, ಶಾಲೆಯ ಖರ್ಚಿಗೆ ಇಷ್ಟು ಎಂದು ನೇರವಾಗಿ ಕೇಳಿದರೆ ಮೊಮ್ಮಕ್ಕಳ ಹೆಸರಿಗೆ ಕರಗದ ಅಜ್ಜಿಯನ್ನು ನಾನು ಹೆಚ್ಚು ಕಂಡಿಲ್ಲ. ನಾದಿನಿಯ ಕೈಲಿ ಹೇಳಿಕಳಿಸಬೇಡ, ನೀನೇ ಕೇಳು. ಅವರಿಗೆ 65 ದಾಟಿದ್ದು ಯಾವ ಪಿಂಚಣಿಯೂ ಇಲ್ಲವಾದರೆ ಸಂಧ್ಯಾ ಸುರಕ್ಷೆಯ 1,200ಕ್ಕೆ ನೀನೇ ಓಡಾಡಿ ಅರ್ಜಿ ಹಾಕಿಸಿಕೊಡು. ಹೇಗೂ ನಾಡಕಚೇರಿಗೆ ಹೋಗುವವಳು ತಾನೇ. ಸೊಸೆ ತನ್ನ ಕಾಗದದ ಜೊತೆ ಅತ್ತೆಯದನ್ನೂ ಹಿಡಿದುಕೊಂಡು ಹೋದಳು ಅನ್ನುವುದು ಆ ಮನೆಯಲ್ಲಿ ಬಹಳ ದಿನ ನೆನಪಿರುತ್ತದೆ.

ಪಿಂಚಣಿಯ ಅರ್ಜಿ ಮಾತ್ರ ತಡ ಮಾಡಬೇಡ. ಇಲ್ಲಿ ನಿನ್ನ ಅವಸರ ಸರಿ. ಅರ್ಜಿ ಹಾಕದೇ ಕಳೆದ ತಿಂಗಳುಗಳ ದುಡ್ಡನ್ನು ಯಾರೂ ಹಿಂದಕ್ಕೆ ಎಣಿಸಿ ಕೊಡುವುದಿಲ್ಲ. ನಿರ್ಗತಿಕ ವಿಧವಾ ವೇತನ 1984ರಿಂದ ಇದೆ. 2021ರಲ್ಲಿ 600 ಇದ್ದದ್ದು 800 ಆಯಿತು. ಸಣ್ಣ ದುಡ್ಡು ಅಂತ ಮೂಗು ಮುರಿಯಬೇಡ, ತಿಂಗಳ ಗ್ಯಾಸ್ ಸಿಲಿಂಡರಿನ ಹೆಚ್ಚಿನ ಪಾಲು ಹೋಗುತ್ತದೆ ಅದರಲ್ಲಿ. ಮನೆಯ ವಾರ್ಷಿಕ ಆದಾಯ 32,000 ಮೀರಬಾರದು. ಇಲ್ಲಿ ಒಂದು ಸೂಕ್ಷ್ಮ ಇದೆ. ನಿಮ್ಮ ಮನೆಯಲ್ಲಿ ಇರುವ ಆದಾಯ ಪ್ರಮಾಣಪತ್ರ ಅವನು ದುಡಿಯುತ್ತಿದ್ದಾಗ ಮಾಡಿಸಿದ್ದು. ಅದರ ಅವಧಿ ಇನ್ನೂ ಮುಗಿದಿಲ್ಲ ಅಂತ ಅದನ್ನೇ ಲಗತ್ತಿಸಿದರೆ ಅರ್ಜಿ ಅಲ್ಲೇ ಬಿದ್ದುಹೋಗುತ್ತದೆ. ಆ ಸಂಬಳ ಈಗ ಎಲ್ಲಿದೆ? ಹೊಸದು ಮಾಡಿಸು, ಈಗಿನ ಪರಿಸ್ಥಿತಿ ಗ್ರಾಮ ಆಡಳಿತಾಧಿಕಾರಿಗೆ ಬಿಡಿಸಿ ಹೇಳು. ತವರಿಗೆ ಹೋಗಿ ಅಣ್ಣನ ಮನೆಯ ವಿಳಾಸ ಕೊಟ್ಟರೆ ಅವನ ಸಂಬಳವೂ ಲೆಕ್ಕಕ್ಕೆ ಬರಬಹುದು. ಗುರುವಾರದ ಬಸ್ಸು ಬೇಡ ಅನ್ನುವುದಕ್ಕೆ ಇದೂ ಒಂದು ಕಾರಣ.

ಅರ್ಜಿ ಕೊಟ್ಟ ಕೂಡಲೇ ಸ್ವೀಕೃತಿ ಚೀಟಿ ಕೇಳು. ಅದರ ಮೇಲೆ ಸಕಾಲ ಸಂಖ್ಯೆ ಇರಬೇಕು. 2011ರ ಸಕಾಲ ಕಾಯ್ದೆ ಇರುವುದೇ ಇಂಥ ಕೆಲಸ ಇಷ್ಟು ದಿನದಲ್ಲಿ ಮುಗಿಯಬೇಕು ಎಂದು ಗೆರೆ ಎಳೆಯಲು. ಗಡುವು ಮೀರಿದರೆ ಮೇಲ್ಮನವಿ ಹಾಕಬಹುದು, ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರವನ್ನೂ ಕೇಳಬಹುದು. ಆ 500 ಮುಖ್ಯವಲ್ಲ. ‘ನಾಳೆ ಬಾಮ್ಮಾ’ ಅನ್ನುವವರ ಎದುರು ಆ ಸಂಖ್ಯೆ ಓದಿ ಹೇಳಿದರೆ ಕಡತ ತಾನಾಗಿ ಮೇಲೆ ಬರುತ್ತದೆ. ಚೀಟಿಯ ಫೋಟೋ ಮೊಬೈಲಿನಲ್ಲಿ ತೆಗೆದಿಟ್ಟುಕೋ. ಮೂಲವನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಅಕ್ಕಿ ಡಬ್ಬಿಯ ಮೇಲಿಡಬೇಡ, ಪೆಟ್ಟಿಗೆಯಲ್ಲಿಡು.

ಅದೇ ದಿನ ಅದೇ ಕೌಂಟರಿನಲ್ಲಿ ಇನ್ನೊಂದು ಕೇಳು: ರಾಷ್ಟ್ರೀಯ ಕುಟುಂಬ ನೆರವು. ಬಿಪಿಎಲ್ ಮನೆಯ ದುಡಿಯುವ ವ್ಯಕ್ತಿ 18ರಿಂದ 59ರ ನಡುವೆ ತೀರಿಕೊಂಡರೆ ಒಂದೇ ಸಲಕ್ಕೆ 20,000 ರೂಪಾಯಿ. ಪಿಂಚಣಿ ಬೇರೆ, ಇದು ಬೇರೆ. ತಾವಾಗಿ ಹೇಳುವವರು ಕಡಿಮೆ, ಅದಕ್ಕೇ ಹೆಸರು ಹೇಳಿ ಕೇಳು.

ಮಕ್ಕಳ ದುಡ್ಡಿನ ಬಗ್ಗೆ ನಿನ್ನ ಪಟ್ಟಿಯಲ್ಲಿ ಒಂದಕ್ಷರ ಇಲ್ಲ. ಎಲ್ಲಕ್ಕಿಂತ ದೊಡ್ಡದು ಅದೇ. ಮಿಷನ್ ವಾತ್ಸಲ್ಯದಲ್ಲಿ ಪ್ರಾಯೋಜಕತ್ವ ಅಂತ ಇದೆ. ಮಗುವಿಗೆ ತಿಂಗಳಿಗೆ 4,000 ರೂಪಾಯಿ. ತಾಯಿ ವಿಧವೆಯಾಗಿದ್ದರೂ, ವಿಚ್ಛೇದನ ಆಗಿದ್ದರೂ, ಗಂಡ ಬಿಟ್ಟುಹೋಗಿದ್ದರೂ ಕೇಳಬಹುದು. ಹಳ್ಳಿಯಲ್ಲಿ ಮನೆಯ ವಾರ್ಷಿಕ ಆದಾಯ 72,000, ಪಟ್ಟಣದಲ್ಲಿ 96,000 ಮೀರಬಾರದು. ಇದು ತಾಲ್ಲೂಕು ಕಚೇರಿಯ ಕೆಲಸವಲ್ಲ, ಜಿಲ್ಲಾ ಮಕ್ಕಳ ರಕ್ಷಣಾ ಘಟಕದ್ದು. ದಾರಿ ತಿಳಿಯದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನು ಮಾಡಿ ಕೇಳು, ಇಲ್ಲವೇ ನಿಮ್ಮೂರ ಅಂಗನವಾಡಿ ಟೀಚರನ್ನು ಹಿಡಿ. ಜಿಲ್ಲಾ ಕೇಂದ್ರಕ್ಕೆ ಹೋಗಿಬರಲು ಶಕ್ತಿ ಬಸ್ಸು ಇದ್ದೇ ಇದೆ, ಟಿಕೆಟ್ಟಿನ ನೆಪ ಹೇಳಬೇಡ.

ಅರ್ಜಿ ಹಾಕಿದ ಮೇಲೆ ಮನೆ ನೋಡಲು ಬರುತ್ತಾರೆ. ಆ ದಿನ ನೀನು ಏನು ಮಾಡುತ್ತೀಯೆಂದು ಈಗಲೇ ಹೇಳಬಲ್ಲೆ. ನೆಲ ಒರೆಸಿ, ಪಕ್ಕದ ಮನೆಯಿಂದ ಪ್ಲಾಸ್ಟಿಕ್ ಕುರ್ಚಿ ತಂದು, ಮಗಳಿಗೆ ಹಬ್ಬದ ಲಂಗ ಉಡಿಸಿ, ಬಂದವರಿಗೆ ಕೋಡುಬಳೆ ಕೊಟ್ಟು ‘ನಮಗೇನೂ ಕೊರತೆಯಿಲ್ಲ ಮೇಡಂ’ ಅನ್ನುತ್ತೀಯ. ಸ್ವಾಭಿಮಾನ ಒಳ್ಳೆಯದೇ, ಆದರೆ ಆ ದಿನ ಅದನ್ನು ಸ್ವಲ್ಪ ಪಕ್ಕಕ್ಕಿಡು. ಇರುವುದನ್ನು ಇದ್ದ ಹಾಗೆ ಹೇಳು. ಅಂಗಡಿಯ ಸಾಲ ಎಷ್ಟು, ಮಗಳ ಕನ್ನಡಕ ಮುರಿದು ಎಷ್ಟು ದಿನ ಆಯಿತು, ಚಿಕ್ಕವನನ್ನು ಯಾರ ಹತ್ತಿರ ಬಿಟ್ಟು ಕೂಲಿಗೆ ಹೋಗುತ್ತೀಯ, ಎಲ್ಲ ಹೇಳು. ಇಲ್ಲದ್ದನ್ನು ಹೇಳಿ ಅಳುವುದೂ ಬೇಡ. ಬರುವವರು ದಿನವೂ ಮನೆ ನೋಡುವವರು, ನಾಟಕ ಅವರಿಗೆ ತಿಳಿಯುತ್ತದೆ. ಮಗಳನ್ನು ಮಾತಾಡಿಸಿದರೆ ಅವಳೇ ಉತ್ತರ ಹೇಳಲಿ, ನಡುವೆ ಬಾಯಿ ಹಾಕಬೇಡ. ಅವಳಿಗೆ ಏಳು ವರ್ಷ, ನಿನಗಿಂತ ಚೆನ್ನಾಗಿ ಹೇಳುತ್ತಾಳೆ.

ಮಕ್ಕಳ ಕಲ್ಯಾಣ ಸಮಿತಿ, ಜಿಲ್ಲಾಧಿಕಾರಿಯ ಸಮಿತಿ ಎಲ್ಲ ದಾಟಿ ಮಂಜೂರಾಗಬೇಕು. ಅರ್ಜಿ ಹಾಕಿದವರಿಗೆಲ್ಲ ಸಿಗುವುದಿಲ್ಲ, ಸಿಗುವವರಿಗೂ ಮರುದಿನವೇ ಬರುವುದಿಲ್ಲ. ಬರುವ ಮೊದಲೇ ಇಬ್ಬರು ಮಕ್ಕಳ ಆ 8,000ವನ್ನು ಚೀಟಿಗೆ ಕಟ್ಟುತ್ತೇನೆ ಅಂತ ಯಾರಿಗೂ ಮಾತು ಕೊಡಬೇಡ. ಬಂದಮೇಲೆ ಶಾಲೆಯ ಹಾಜರಿಯ ಮೇಲೆ ಕಣ್ಣಿರಲಿ. ಮಗು ಕಾರಣವಿಲ್ಲದೆ ತಿಂಗಳುಗಟ್ಟಲೆ ಶಾಲೆ ತಪ್ಪಿಸಿದರೆ ನೆರವು ನಿಲ್ಲುತ್ತದೆ. ಮಗಳನ್ನು ಹಾಸ್ಟೆಲಿಗೆ ಸೇರಿಸುವ ಯೋಚನೆ ಬಂದರೆ ಸೇರಿಸುವ ಮುನ್ನ ಘಟಕದವರನ್ನು ಒಂದು ಮಾತು ಕೇಳು. ಚಿಕ್ಕವನಿಗೆ ಐದು ತುಂಬಿದಾಗ ಆಧಾರಿಗೆ ಬೆರಳಚ್ಚು ಕೊಡಿಸಬೇಕು, ಹದಿನೈದಕ್ಕೆ ಇನ್ನೊಮ್ಮೆ. ಮರೆತರೆ ಅವನ ಎಲ್ಲ ಕಾಗದಗಳೂ ಅಲ್ಲಿ ನಿಂತುಬಿಡುತ್ತವೆ.

ದುಡ್ಡು ಮಂಜೂರಾಗಿದೆ, ಖಾತೆಗೆ ಬಂದಿಲ್ಲ ಎಂದು ಮುಂದೊಂದು ದಿನ ನೀನು ಫೋನು ಮಾಡಿಯೇ ಮಾಡುತ್ತೀಯ. ಆಗ ಯಾರ ಮೇಲೂ ಎಗರಾಡುವ ಮುನ್ನ ಇದನ್ನು ನೋಡು: ನಿನಗೆ ಎಷ್ಟು ಖಾತೆ ಇವೆ? ಮದುವೆಗೆ ಮುಂಚಿನ ಜನಧನ ಖಾತೆ, ಸಂಘಕ್ಕಾಗಿ ತೆರೆದದ್ದು, ಅಂಚೆ ಕಚೇರಿಯದು. ಆಧಾರ್ ಮೂಲಕ ಬರುವ ಹಣ ನೀನು ಬರೆದುಕೊಟ್ಟ ಖಾತೆಗೇ ಹೋಗಬೇಕೆಂದಿಲ್ಲ. ಕೊನೆಯದಾಗಿ ಯಾವ ಖಾತೆಗೆ ಆಧಾರ್ ಜೋಡಣೆಯಾಗಿದೆಯೋ ಅಲ್ಲಿಗೆ ಹೋಗುತ್ತದೆ. ಎಷ್ಟೋ ಹೆಂಗಸರು ತಿಂಗಳುಗಟ್ಟಲೆ ಕಚೇರಿ ಅಲೆದು ಕೊನೆಗೆ ಮರೆತುಹೋದ ಪಾಸ್‌ಬುಕ್ಕಿನಲ್ಲಿ ದುಡ್ಡು ಕಂಡಿದ್ದಾರೆ. ಬ್ಯಾಂಕಿನಲ್ಲಿ ‘ನನ್ನ ಆಧಾರ್ ಯಾವ ಖಾತೆಗೆ ಮ್ಯಾಪ್ ಆಗಿದೆ’ ಎಂದು ಕೇಳು. ಒಂದನ್ನು ಗಟ್ಟಿ ಮಾಡಿಕೊಂಡು ಉಳಿದದ್ದರ ಆಸೆ ಬಿಡು. ಮೊಬೈಲ್ ನಂಬರೂ ಅಷ್ಟೇ. ಅವನ ಸಿಮ್ಮಿಗೆ ನಿನ್ನ ಆಧಾರ್ ಜೋಡಿಸಿದ್ದರೆ ಆ ಸಿಮ್ಮು ಬಂದ್ ಆಗುವ ಮೊದಲೇ ನಿನ್ನ ನಂಬರಿಗೆ ಬದಲಾಯಿಸು.

ನಿನ್ನ ಜೊತೆ ಹೊಲಿಗೆ ಕಲಿತಳಲ್ಲ ಆ ಹುಡುಗಿ, ಅವಳಿಗೂ ಇದನ್ನು ಓದಿ ಹೇಳು. ಅವಳ ಗಂಡ ಬದುಕಿದ್ದಾನೆ, ಎಲ್ಲಿದ್ದಾನೋ ಗೊತ್ತಿಲ್ಲ. ಅವಳ ಕಷ್ಟ ನಿನ್ನದಕ್ಕಿಂತ ಹೆಚ್ಚು, ಏಕೆಂದರೆ ತೋರಿಸಲು ಒಂದು ಕಾಗದವೂ ಇಲ್ಲ. ಮನಸ್ವಿನಿ ಎಂಬ ಪಿಂಚಣಿ ಇರುವುದು ಮದುವೆಯಾಗದವರಿಗೆ, ವಿಚ್ಛೇದಿತರಿಗೆ, ಅದೂ 40ರಿಂದ 64 ವರ್ಷದವರಿಗೆ. ಇಪ್ಪತ್ತೇಳರ ಹುಡುಗಿ ಮಗು ಎತ್ತಿಕೊಂಡು ಹದಿಮೂರು ವರ್ಷ ಕಾಯಬೇಕೇ? ಇದು ಸರ್ಕಾರದ ಲೆಕ್ಕದಲ್ಲಿ ಉಳಿದುಹೋದ ದೊಡ್ಡ ತೂತು, ನಾನು ಸಿಕ್ಕಸಿಕ್ಕ ಸಭೆಯಲ್ಲೆಲ್ಲ ಹೇಳಿದ್ದೇನೆ. ಅವಳಿಗೆ ಈಗ ತೆರೆದಿರುವುದು ಎರಡು ಬಾಗಿಲು. ಒಂದು, ಮಗುವಿನ ಪ್ರಾಯೋಜಕತ್ವ. ಇನ್ನೊಂದು, ಗಂಡನಿಂದ ಜೀವನಾಂಶ. ಹಿಂದೆ 125ನೇ ಕಲಂ ಅನ್ನುತ್ತಿದ್ದರಲ್ಲ, 2024ರ ಜುಲೈಯಿಂದ ಅದು ಹೊಸ ಸಂಹಿತೆಯ 144ನೇ ಕಲಂ. ವಕೀಲರಿಗೆ ದುಡ್ಡಿಲ್ಲ ಅನ್ನುತ್ತಾಳೆ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರ ಪುಕ್ಕಟೆ ವಕೀಲರನ್ನು ಕೊಡುತ್ತದೆ. ತಾಲ್ಲೂಕು ಕೋರ್ಟಿನ ಆವರಣದಲ್ಲೇ ಅವರ ಕಚೇರಿ, ಫೋನು 15100. ಇನ್ನು ಯಾರೋ ಮಧ್ಯವರ್ತಿ ‘ಸ್ವಲ್ಪ ಖರ್ಚಾಗುತ್ತದೆ, ಗಂಡ ಸತ್ತನೆಂದು ಕಾಗದ ಮಾಡಿಸಿ ವಿಧವಾ ವೇತನ ಕೊಡಿಸುತ್ತೇನೆ’ ಅಂದಿದ್ದಾನಂತೆ. ಅವನ ಮನೆ ಕಡೆ ತಲೆ ಹಾಕಿಯೂ ಮಲಗಬೇಡ ಅನ್ನು. ಸಿಕ್ಕಿಬಿದ್ದ ದಿನ ಜೈಲಿನ ಬಾಗಿಲಿಗೆ ಅವನು ಬರುವುದಿಲ್ಲ, ಮಗು ಒಂಟಿಯಾಗುತ್ತದೆ.

ನೀನು ಕೆಲಸದ ಪ್ರಶ್ನೆ ಕೇಳಿದ್ದೆ. ಗಾರ್ಮೆಂಟ್ಸಿಗೆ ಸೇರಿದರೆ ಇದೆಲ್ಲ ಹೋಗುತ್ತದಾ ಅಂತ. ಪೆನ್ನು ತೆಗೆದುಕೋ. 32,000ವನ್ನು ಹನ್ನೆರಡು ತಿಂಗಳಿಗೆ ಹಂಚಿದರೆ 2,666 ಚಿಲ್ಲರೆ. ಯಾವ ಸರಿಯಾದ ಕೆಲಸ ಸಿಕ್ಕರೂ ವಿಧವಾ ವೇತನದ ಗೆರೆ ದಾಟುತ್ತೀಯ. 72,000ದ ಗೆರೆ ತಿಂಗಳಿಗೆ 6,000. ಬಿಪಿಎಲ್ ಕಾರ್ಡಿನ ಗೆರೆ ವರ್ಷಕ್ಕೆ 1 ಲಕ್ಷ 20 ಸಾವಿರ, ಅಂದರೆ ತಿಂಗಳಿಗೆ 10,000. ಗಾರ್ಮೆಂಟ್ಸಿನಲ್ಲಿ ಕೈಗೆ 12,000 ಬಂತು ಅಂತಿಟ್ಟುಕೋ, ಮೂರೂ ಗೆರೆ ದಾಟಿದೆ. ಹೋಗುವುದು 800, ಎರಡು ಮಕ್ಕಳ 8,000 ಸಿಗುತ್ತಿದ್ದರೆ ಅದೂ. ಉಳಿಯುವುದು ಗೃಹಲಕ್ಷ್ಮಿ, ಏಕೆಂದರೆ ಅದು ಎಪಿಎಲ್ ಕಾರ್ಡಿನ ಯಜಮಾನಿಗೂ ಇದೆ. ಹೊಸದಾಗಿ ಬರುವುದು ಪಿಎಫ್ ಮತ್ತು ಇಎಸ್ಐ. ಇಎಸ್ಐನಲ್ಲಿ ನಿನಗೂ ಮಕ್ಕಳಿಗೂ ಚಿಕಿತ್ಸೆ ಇದೆ, ಬಿಪಿಎಲ್ ಹೋದರೆ ಆಸ್ಪತ್ರೆಯ ಭಯಕ್ಕೆ ಅದೇ ಆಸರೆ.

ಲೆಕ್ಕ ಇಷ್ಟಾದ ಮೇಲೆ ನನ್ನ ಮನಸ್ಸಿನಲ್ಲಿರುವುದನ್ನು ಹೇಳುತ್ತೇನೆ. ಪ್ರಾಯೋಜಕತ್ವ ಇನ್ನೂ ಕಾಗದದ ಮೇಲಿದೆ, ಕೆಲಸ ಎದುರಿಗಿದೆ ಎನ್ನುವ ಹಾಗಿದ್ದರೆ ಕೆಲಸ ಹಿಡಿ. 800 ಹೋಗುತ್ತದೆ ಅಂತ ಕೆಲಸ ಬಿಟ್ಟವರನ್ನು ನೋಡಿದ್ದೇನೆ. ಹತ್ತು ವರ್ಷದ ಮೇಲೂ ಅವರು ಅದೇ 800ಕ್ಕೆ ಕಾಯುತ್ತಿರುತ್ತಾರೆ, ಜೊತೆಗೆ ಸೇರಿದ ಹುಡುಗಿಯರು ಸೂಪರ್‌ವೈಸರ್ ಆಗಿರುತ್ತಾರೆ. ಆದರೆ ಎರಡೂ ಮಕ್ಕಳಿಗೆ ನೆರವು ಮಂಜೂರಾಗಿ ಬರುತ್ತಿದೆ, ಚಿಕ್ಕವನಿಗೆ ಇನ್ನೂ ಎರಡೂವರೆ ವರ್ಷ, ನೋಡಿಕೊಳ್ಳಲು ಮನೆಯಲ್ಲಿ ಯಾರೂ ಇಲ್ಲ ಅನ್ನುವ ಸ್ಥಿತಿಯಾದರೆ ಒಂದು ವರ್ಷ ಮನೆಯಲ್ಲೇ ಹೊಲಿಗೆ ಹಾಕು, ಅವನು ಅಂಗನವಾಡಿಗೆ ಹೊಂದಿಕೊಳ್ಳಲಿ. ‘ಯಾರೂ ಇಲ್ಲ’ ಅನ್ನುವ ಮುನ್ನ ಮತ್ತೊಮ್ಮೆ ಯೋಚಿಸು. ಬೆಳಗ್ಗೆ ಆರೂವರೆಗೆ ಫ್ಯಾಕ್ಟರಿ ವ್ಯಾನು ಬಂದಾಗ ಮಗುವನ್ನು ಎತ್ತಿಕೊಂಡು ನಿಲ್ಲಬಲ್ಲ ಅಜ್ಜಿ ಒಬ್ಬರು ಆ ಮನೆಯಲ್ಲಿದ್ದಾರೆ. ಅವರ ಕಾರ್ಡಿನಿಂದ ಸೋಮವಾರ ಬೆಳಗ್ಗೆ ಹೆಸರು ಕಿತ್ತುಕೊಂಡು ಹೋಗುವ ಯೋಚನೆಯಲ್ಲಿದ್ದೆ ನೀನು.

ಕೆಲಸಕ್ಕೆ ಸೇರಿದರೆ ಕಚೇರಿಗಳಿಗೆ ತಿಳಿಸು, ಬಾಯಲ್ಲಿ ಅಲ್ಲ, ಬರೆದು. ಸಂಬಳವೂ ಬರಲಿ, ವಿಧವಾ ವೇತನವೂ ಬರಲಿ ಅಂತ ಸುಮ್ಮನಿದ್ದುಬಿಡುವವರು ಇದ್ದಾರೆ. ಪಿಎಫ್ ಆಧಾರಿಗೆ ಜೋಡಣೆಯಾಗಿರುತ್ತದೆ, ಎಲ್ಲ ಒಂದು ದಿನ ಹೊರಗೆ ಬರುತ್ತದೆ. ವಸೂಲಿಗೆ ನೋಟಿಸು ಬಂದರೆ ತಿಂದ ದುಡ್ಡು ಕಕ್ಕಬೇಕು. ಮುಂದೆ ಕೆಲಸ ಹೋದರೆ ಮತ್ತೆ ಅರ್ಜಿ ಹಾಕುವಾಗ ನೀನು ಬರೆದುಕೊಟ್ಟ ಆ ಹಾಳೆಯೇ ನಿನ್ನ ಪರವಾಗಿ ಮಾತಾಡುತ್ತದೆ. ಅದರ ಪ್ರತಿಗೂ ಸೀಲು ಹಾಕಿಸಿಕೋ.

ನಿನ್ನ ಗಂಡನ ಹೆಸರಿನಲ್ಲಿ ಒಂದೆಕರೆ ಗದ್ದೆ ಇದೆ ಅಂದೆ. ಪೌತಿ ಖಾತೆ ಮಾಡಿಸಲು ವಂಶವೃಕ್ಷ ತೆಗೆಸು. ಅದರಲ್ಲಿ ನಿನ್ನ ಹೆಸರು, ಇಬ್ಬರು ಮಕ್ಕಳ ಹೆಸರು, ಅತ್ತೆಯ ಹೆಸರು ನಾಲ್ಕೂ ಇರಬೇಕು. ಅವರಿಗೂ ಪಾಲಿದೆ, ಬಿಟ್ಟು ಬರೆಸಿದರೆ ಜಗಳ ಕೋರ್ಟಿಗೆ ಹೋಗುತ್ತದೆ. ಭಾವ ಯಾವುದಾದರೂ ಹಾಳೆ ತಂದು ‘ಬರೀ ಸಹಿ’ ಅಂದರೆ, ಬಿಡುಗಡೆ ಪತ್ರವೋ ಏನೋ, ಓದದೇ ಸಹಿ ಹಾಕಬೇಡ. ‘ಅಂಗನವಾಡಿ ಅಜ್ಜಿಗೆ ತೋರಿಸಿ ಬರುತ್ತೇನೆ’ ಅಂತ ಎದ್ದು ಬಂದುಬಿಡು. ನನ್ನ ಹೆಸರು ಕೇಳಿದರೆ ಅವನು ಅಲ್ಲಿಗೇ ಬಿಡುತ್ತಾನೆ.

ಕೊನೆಯದೊಂದು, ಇದನ್ನು ನಿನ್ನ ಅಮ್ಮ ಹೇಳುವುದಿಲ್ಲ, ಅತ್ತೆಯಂತೂ ಹೇಳುವುದೇ ಇಲ್ಲ. ನಿನಗಿನ್ನೂ ಇಪ್ಪತ್ತೊಂಬತ್ತು. ಇವತ್ತು ಆ ಮಾತು ಎತ್ತಿದರೆ ಕೋಪ ಬರುತ್ತದೆ, ಬರಲಿ. ಎರಡು ವರ್ಷಕ್ಕೋ ಐದು ವರ್ಷಕ್ಕೋ ಮಕ್ಕಳನ್ನೂ ನಿನ್ನನ್ನೂ ಗೌರವದಿಂದ ಕಾಣುವ ಒಬ್ಬ ಸಿಕ್ಕರೆ ಮದುವೆಯಾಗು. ವಿಧವಾ ವೇತನ ಅಲ್ಲಿಗೆ ನಿಲ್ಲುತ್ತದೆ, ನಿಲ್ಲಲಿ. ಮರುಮದುವೆಯಾಗಿಯೂ ಹಳೆಯ ಹೆಸರಿನಲ್ಲೇ ದುಡ್ಡು ಎತ್ತುವವರಿದ್ದಾರೆ, ಊರಿನ ಎದುರು ಮದುವೆಯಾಗಿ ಕಚೇರಿಯ ಎದುರು ವಿಧವೆಯಾಗಿರುವ ಅಂಥ ಬಾಳು ನಿನಗೆ ಬೇಡ. 800 ರೂಪಾಯಿ ಉಳಿಸಲು ಮದುವೆಯನ್ನೇ ಬೇಡವೆಂದವಳೊಬ್ಬಳ ಜೊತೆ ನಾನು ಜಗಳ ಆಡಿದ್ದೇನೆ, ನಿನ್ನ ಜೊತೆಯೂ ಆಡುತ್ತೇನೆ. ಅವನು ಬರುವ ಮುನ್ನ ಮಕ್ಕಳ ಪಾಲಿನ ಗದ್ದೆ ಪಹಣಿಯಲ್ಲಿ ಅವರ ಹೆಸರಿಗೆ ಕೂತಿರಲಿ, ವಿಮೆಯ ದುಡ್ಡಿನಲ್ಲಿ ಅವರ ಭಾಗ ಅವರ ಹೆಸರಿನ ಠೇವಣಿಯಲ್ಲಿರಲಿ.

ನಾಳೆ ಬೆಳಗ್ಗೆ ಮೊದಲು ಪಾಸ್‌ಬುಕ್ಕು ಪ್ರಿಂಟ್ ಹಾಕಿಸಿಕೊಂಡು ಇತ್ತ ಬಾ. ಕನ್ನಡಕ ಹಾಕಿಕೊಂಡು ಕೂತಿರುತ್ತೇನೆ, ಮೇ ತಿಂಗಳ ಪುಟ ಇಬ್ಬರೂ ಸೇರಿ ನೋಡೋಣ. ಚಿಕ್ಕವನನ್ನು ಅತ್ತೆಯ ಹತ್ತಿರ ಬಿಟ್ಟು ಬಾ.